ಯುದ್ಧದಲ್ಲಿ ತೀರಿಕೊಂಡವರ ಹೆಸರು ಹುಡುಕುವುದು: ಕೇಳಿ, ಹೇಳ್ತೇನೆ

ದಾಖಲೆ ಶೋಧಕ: ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂದರೆ ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷರ ಕಡೆ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆ. ಅದರ ಆನ್‌ಲೈನ್ ಪಟ್ಟಿಯ ಬಗ್ಗೆ ಏನಿದ್ದರೂ ಇಲ್ಲಿ ಕೇಳಿ. ಹುಡುಕಲು ದುಡ್ಡು ಬೇಡ. ಪಟ್ಟಿಯಲ್ಲಿರುವುದು ಈ ತಾರೀಕುಗಳ ಒಳಗೆ ಸತ್ತವರು ಮಾತ್ರ: ಮೊದಲ ಮಹಾಯುದ್ಧಕ್ಕೆ 4-8-1914ರಿಂದ 31-8-1921, ಎರಡನೆಯದಕ್ಕೆ 3-9-1939ರಿಂದ 31-12-1947. ಸೇವೆ ಮುಗಿಸಿ ಊರಿಗೆ ಬಂದು ಮುದುಕರಾಗಿ ತೀರಿಕೊಂಡವರು ಇದರಲ್ಲಿಲ್ಲ.

ಬಜಪೆ ಹುಡುಗ: ಸರ್, ಊರು ‘ಮೈಸೂರು’ ಅಂತ ಹಾಕಿದೆ. ನಮ್ಮ ಕಡೆಯವರು ಒಬ್ಬರೂ ಬರ್ಲಿಲ್ಲ.

ದಾಖಲೆ ಶೋಧಕ: ಬರುವುದಿಲ್ಲ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿದ್ದು. ಹೆಚ್ಚುವರಿ ಮಾಹಿತಿಯ ಬಾಕ್ಸಿನಲ್ಲಿ ‘ಸೌತ್ ಕೆನರಾ’ ಅಂತ ಇಂಗ್ಲಿಷಿನಲ್ಲಿ ಹಾಕಿ, ಒಮ್ಮೆ ಸಿ ಅಕ್ಷರದಿಂದ, ಒಮ್ಮೆ ಕೆ ಅಕ್ಷರದಿಂದ. ಉಡುಪಿಗೆ ‘ಉಡಿಪಿ’ ಅಂತಲೂ ನೋಡಿ.

ಕಟಪಾಡಿ ಅಕ್ಕ: ನಮಸ್ತೆ ಸರ್. ನಮ್ಮ ಅಜ್ಜನ ಅಣ್ಣ ಬೊಂಬಾಯಿಯಿಂದ ಹೊರಟ ‘ಟಿಲಾವಾ’ ಹಡಗಿನಲ್ಲಿ ತೀರಿಕೊಂಡವರು ಅಂತ ಮನೆಯಲ್ಲಿ ಹೇಳ್ತಾರೆ. ಹೆಸರು ಬಾಬು. ನಾವು ಭಂಡಾರಿಗಳು. ಪಟ್ಟಿಯಲ್ಲಿ ‘ಭಂಡಾರಿ’ ಅಂತ ತುಂಬ ಕಡೆ ಉಂಟು. ಅದರಲ್ಲಿ ಒಬ್ಬರು ಇವರೇ ಆಗಿರಬಹುದಾ?

ದಾಖಲೆ ಶೋಧಕ: ಮೇಡಂ, ಅವಸರ ಬೇಡ. ಅದು ಯಾವ ಕಾಲಂನಲ್ಲಿದೆ ಅಂತ ಮೊದಲು ನೋಡಿ. ಹಡಗಿನ ಲಸ್ಕರ್ ಸಿಬ್ಬಂದಿಗೆ, ಅಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ನಾವಿಕರಿಗೆ, ಅಡುಗೆ ಮಾಡುವವನ ಹುದ್ದೆಯ ಹೆಸರೇ ಭಂಡಾರಿ. ರ್‍ಯಾಂಕ್ ಕಾಲಂನಲ್ಲಿದ್ದರೆ ಅದು ಕೆಲಸ. ಆತ ಚಿತ್ತಗಾಂಗಿನವನೂ ಇರಬಹುದು, ರತ್ನಾಗಿರಿಯವನೂ ಇರಬಹುದು. ಸರ್‌ನೇಮ್ ಕಾಲಂನಲ್ಲಿದ್ದರೆ ಮಾತ್ರ ಮುಂದೆ ನೋಡುವ. ‘ಟಿಂಡಲ್’ ಕೂಡ ಹೀಗೇ. ಮಲ್ಪೆಯ ತಾಂಡೇಲ ಬೋಟಿಗೇ ದೊಡ್ಡವ, ಸ್ಟೀಮರಿನ ಟಿಂಡಲ್ ಸಾರಂಗನ, ಅಂದರೆ ಲಸ್ಕರ್‌ಗಳ ಮುಖ್ಯಸ್ಥನ, ಕೈಕೆಳಗಿನವ.

ಟಿಲಾವಾ ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗು. 1942ರ ನವೆಂಬರ್ 20ಕ್ಕೆ ಬೊಂಬಾಯಿ ಬಿಟ್ಟಿತು, 23ರಂದು ಜಪಾನಿನ ಐ-29 ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. 958 ಜನರಲ್ಲಿ 280 ಮಂದಿ ಸತ್ತರು. ಹೆಚ್ಚಿನವರು ಆಫ್ರಿಕಾಕ್ಕೆ ಹೊರಟ ಪ್ರಯಾಣಿಕರು. ಹಾಗಾಗಿ ನಿಮ್ಮವರು ಸಿಬ್ಬಂದಿಯಾ, ಪ್ರಯಾಣಿಕರಾ ಅನ್ನುವುದು ಮೊದಲು ತೀರ್ಮಾನ ಆಗಬೇಕು. ನಾವಿಕರ ಪಟ್ಟಿಯಲ್ಲಿ ಪ್ರಯಾಣಿಕರನ್ನು ಹುಡುಕಿ ಪ್ರಯೋಜನ ಇಲ್ಲ.

ಸಿಬ್ಬಂದಿಯಾದರೆ ಹೀಗೆ ಮಾಡಿ. ಕಡಲಲ್ಲಿ ತೀರಿಕೊಂಡವರಿಗೆ ಸಮಾಧಿ ಇಲ್ಲ, ಸ್ಮಾರಕದಲ್ಲಿ ಹೆಸರು ಮಾತ್ರ. ಸ್ಮಾರಕದ ಬಾಕ್ಸಿನಲ್ಲಿ ‘ಬಾಂಬೆ/ಚಿತ್ತಗಾಂಗ್ 1939-1945 ವಾರ್ ಮೆಮೋರಿಯಲ್ಸ್’ ಆರಿಸಿ, ತಾರೀಕು 1942ರ ನವೆಂಬರ್ ಇಡೀ ತಿಂಗಳು ಕೊಡಿ. ಒಂದೇ ಶಬ್ದದ ಹೆಸರನ್ನು ಸರ್‌ನೇಮ್ ಜಾಗದಲ್ಲೇ ತುಂಬಿಸಿರುತ್ತಾರೆ, ಆದ್ದರಿಂದ ‘ಬಾಬು’ ಅಲ್ಲಿಗೆ ಹಾಕಿ, ಮೊದಲ ಹೆಸರು ಖಾಲಿ ಬಿಡಿ. ಕೊನೆಯ ಅಕ್ಷರ ಯು, ಡಬಲ್ ಓ, ಎ, ಮೂರೂ ನೋಡಿ. ಹೆಸರೊಂದು ತಾಳೆಯಾದರೆ ಸಾಲದು. ತಂದೆಯ ಹೆಸರು ಅಥವಾ ಊರು, ಒಂದಾದರೂ ಕೂಡಬೇಕು.

ಇನ್ನೊಂದು. ಮರ್ಚೆಂಟ್ ನೇವಿಯವರು, ಅಂದರೆ ವ್ಯಾಪಾರಿ ಹಡಗಿನ ನಾವಿಕರು, ಯುದ್ಧದ ಕಾರಣದಿಂದಲೇ ಸತ್ತಿದ್ದರೆ ಮಾತ್ರ ಆ ಪಟ್ಟಿಗೆ. ಜ್ವರ ಬಂದು ಬಂದರಿನ ಆಸ್ಪತ್ರೆಯಲ್ಲಿ ಹೋದವರ ಹೆಸರು ಇಲ್ಲ. ಆಗ ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸಿನ ಬಿಟಿ 381 ಎಂಬ ದಾಖಲೆ ಸಾಲು ನೋಡಬೇಕು, ಯುದ್ಧಕಾಲದ ಹಡಗುಗಳ ಸಿಬ್ಬಂದಿ ಪಟ್ಟಿ ಮತ್ತು ಲಾಗ್ ಬುಕ್ ಅದು. ವ್ಯಕ್ತಿಯ ಹೆಸರಿನಿಂದ ಸಿಗುವುದಿಲ್ಲ, ಹಡಗಿನ ಅಧಿಕೃತ ನಂಬ್ರ ಬೇಕು. ಕಡಲಲ್ಲಿ ಸತ್ತ ನಾವಿಕರು, ಪ್ರಯಾಣಿಕರು ಇಬ್ಬರ ರಿಜಿಸ್ಟರೂ ಬಿಟಿ 334ರಲ್ಲಿದೆ.

ಕಾರ್ಕಳ 65: ಸಮಾಧಿಯ ಫೋಟೋ ಸಿಗ್ತದಾ? ಕೊಹಿಮಾದಲ್ಲಿ ಹೋದವರು, ಹಿಂದೂ.

ದಾಖಲೆ ಶೋಧಕ: ದಹನ ಮಾಡಿದವರಿಗೆ ಸಮಾಧಿ ಎಲ್ಲಿಂದ? ಕೊಹಿಮಾ ಕ್ರಿಮೇಶನ್ ಮೆಮೋರಿಯಲ್ ನೋಡಿ, 917 ಹಿಂದೂ-ಸಿಖ್ಖರ ಹೆಸರು ಉಂಟು.

ಸುರತ್ಕಲ್ ನ್ಯೂಸ್: ಫಾರ್ವರ್ಡ್ ಮಾಡಿದ್ದು 🙏 ಇಂಡಿಯಾ ಗೇಟ್‌ನಲ್ಲಿ 95,300 ಸ್ವಾತಂತ್ರ್ಯ ಹೋರಾಟಗಾರರ ಹೆಸರು! ಸೈನಿಕರ ವಂಶಸ್ಥರಿಗೆ ಬ್ರಿಟಿಷ್ ಪರಿಹಾರ, ಆಧಾರ್ ಕಳಿಸಿ, ಎಲ್ಲರಿಗೂ ತಿಳಿಸಿ.

ದಾಖಲೆ ಶೋಧಕ: ಎರಡೂ ಸುಳ್ಳು. ಅಲ್ಲಿರುವುದು 13 ಸಾವಿರ ಚಿಲ್ಲರೆ ಹೆಸರು, ಮೊದಲ ಮಹಾಯುದ್ಧದಲ್ಲಿ ಮತ್ತು 1919ರ ಅಫ್ಘನ್ ಯುದ್ಧದಲ್ಲಿ ಸತ್ತ ಸೈನಿಕರದ್ದು. ಆಧಾರ್ ಯಾರಿಗೂ ಕಳಿಸಬೇಡಿ. ಓದದೆ ಒತ್ತುವ ಅಭ್ಯಾಸ ಒಮ್ಮೆ ಬಿಡಿ ಮಾರಾಯ್ರೆ.

ಪುತ್ತೂರು ಸ್ವದೇಶಿ: ಬ್ರಿಟಿಷರ ಸಂಬಳಕ್ಕೆ ಸತ್ತವರನ್ನು ಹುಡುಕಿ ಎಂತ ಮಾಡುವುದು?

ಮೂಡಬಿದಿರೆ: ಸಂಬಳದಲ್ಲಿ ಮನೆ ನಡೆದದ್ದು ಯಾರದ್ದು? ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಗಿನ ಇಸ್ರೇಲಿನ ಹೈಫಾ ಗೆದ್ದದ್ದನ್ನು ಪ್ರತಿ ಸೆಪ್ಟೆಂಬರ್ 23ಕ್ಕೆ ಸ್ಟೇಟಸ್ ಹಾಕುವಾಗ ಸಂಬಳ ನೆನಪಾಗುದಿಲ್ವಾ?

ಪುತ್ತೂರು ಸ್ವದೇಶಿ: ಅದು ಮಹಾರಾಜರ ಸೈನ್ಯ.

ಮೂಡಬಿದಿರೆ: 1918ರಲ್ಲಿ ಯಾರ ಪರವಾಗಿ ಹೋರಾಡಿದ್ದು ಹೇಳಿ?

ಪುತ್ತೂರು ಸ್ವದೇಶಿ: ನೀವೇ ಇತಿಹಾಸ ಬರೆಯಿರಿ.

ದಾಖಲೆ ಶೋಧಕ: ಜಗಳಕ್ಕೆ ಬೇರೆ ಪೋಸ್ಟ್ ಹಾಕಿ.

ಬೋಳೂರು: ಡಿಸೋಜಾ ಅಂತ ಹಾಕಿದ್ರೆ ಏನೂ ಬರುದಿಲ್ಲ.

ದಾಖಲೆ ಶೋಧಕ: ಅಪಾಸ್ಟ್ರಫಿ ಹಾಕಿ, ತೆಗೆದು, ‘ಡಿ ಸೋಜಾ’ ಬಿಡಿಸಿ, ಝಡ್ ಬದಲು ಎಸ್. ನಾಲ್ಕೂ ನೋಡಿ.

ಕುಂದಾಪುರ: 1965ರ ಯುದ್ಧದವರು ಇದರಲ್ಲಿ ಇರ್ತಾರಾ?

ದಾಖಲೆ ಶೋಧಕ: ಮೊದಲ ಸಾಲಿನ ತಾರೀಕು ಓದಿ. 1965ರವರಿಗೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹೆಸರು ಕೆತ್ತಿದ ಗೋಡೆಗಳ ಸುತ್ತು, ‘ತ್ಯಾಗ ಚಕ್ರ’ ನೋಡಿ.

ಉಳ್ಳಾಲ: ಸರ್, ಇರಾಕಿನ ಬಸ್ರಾ ಸ್ಮಾರಕದಲ್ಲಿ ನಂಬ್ರ ಮಾತ್ರ ಇದ್ದು ಹೆಸರು ಇಲ್ಲದಿದ್ದರೆ?

ಕಾರ್ಕಳ 65: ಸರ್, ಫೋಟೋ?

ದಾಖಲೆ ಶೋಧಕ: ಮೇಲೆ ಬರೆದಿದ್ದೇನೆ.

ಕಟಪಾಡಿ ಅಕ್ಕ: ನೋಡಿದೆ ಸರ್. ಭಂಡಾರಿ ಅಂತ ಇದ್ದದ್ದು ರ್‍ಯಾಂಕ್ ಕಾಲಂನಲ್ಲೇ. ಬಾಬು ಅಂತ ಬೇರೆ ಒಬ್ಬರು ಉಂಟು, ತಂದೆ ಹೆಸರು, ಊರು ಎರಡೂ ಖಾಲಿ.

ದಾಖಲೆ ಶೋಧಕ: ಹಾಗಾದರೆ ಅವರೇ ಅಂತ ಮನೆಯಲ್ಲಿ ಹೇಳಬೇಡಿ. ಹಡಗಿನ ಅಧಿಕೃತ ನಂಬ್ರ ತೆಗೆಯಿರಿ, ಬಿಟಿ 381ರಲ್ಲಿ ನೋಡುವ. ಹಳೆಯ ಮನಿಯಾರ್ಡರ್ ರಶೀದಿ ಇದ್ದರೆ ಎರಡೂ ಬದಿ ಫೋಟೋ ತೆಗೆದು ಹಾಕಿ.

ಉಳ್ಳಾಲ: ಸರ್, ಬಸ್ರಾ?