ಪದಚರ್ಚೆ: ಮ್ಯಾಟರ್‌ಹಾರ್ನ್‌ನ ‘ರಿಡ್ಜ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಬಲ್ಲವರಲ್ಲಿ ಒಂದು ಕೋರಿಕೆ. ಪರ್ವತಾರೋಹಣದ ಚಿತ್ರಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಸಿದ್ಧಪಡಿಸುತ್ತಿದ್ದೇನೆ. ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಸ್ವಿಟ್ಜರ್ಲೆಂಡ್–ಇಟಲಿ ಗಡಿಯ ಮ್ಯಾಟರ್‌ಹಾರ್ನ್ (4,478 ಮೀಟರ್) ಚಿತ್ರದ ಕೆಳಗೆ, 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡ ‘ಹೋರ್ನ್ಲಿ ರಿಡ್ಜ್’ ಹಿಡಿದು ಮೊದಲ ಬಾರಿಗೆ ತುದಿ ಮುಟ್ಟಿತು ಎಂಬ ಸಾಲಿದೆ. ಕರಡಿನಲ್ಲಿ ಯಾರೋ ‘ಪರ್ವತಶ್ರೇಣಿ’ ಎಂದು ಬರೆದಿದ್ದಾರೆ. ಅದು ಬೆಟ್ಟಗಳ ಸಾಲಾಯಿತು. ‘ಬೆಟ್ಟದ ಬೆನ್ನು’ ಆಗಬಹುದೇ? ದಾರಿಯ ಮೇಲ್ಭಾಗದಲ್ಲಿ ಖಾಯಂ ಆಗಿ ಬಿಗಿದಿರುವ ಹಗ್ಗಗಳಿಗೂ ಒಂದು ಪದ ಬೇಕು.

*

ಬೆನ್ನು ಬೇಡವೇ ಬೇಡ. ಬೆನ್ನು ಎಂದರೆ ದನ ಮೇಯಿಸುವಷ್ಟು ಅಗಲವಾದದ್ದು ಕಣ್ಣ ಮುಂದೆ ಬರುತ್ತದೆ. ಮ್ಯಾಟರ್‌ಹಾರ್ನ್‌ಗೆ ನಾಲ್ಕು ಮುಖಗಳು. ಎರಡು ಮುಖಗಳು ಕೂಡುವ ಚೂಪಾದ ಗೆರೆಯೇ ಇಲ್ಲಿನ ರಿಡ್ಜ್. ಈಶಾನ್ಯಕ್ಕೆ ಇಳಿಯುವುದು ಹೋರ್ನ್ಲಿ. ಇದಕ್ಕೆ ‘ಏಣು’ ಎಂಬ ಅಚ್ಚಗನ್ನಡ ಪದ ಕಾದು ಕುಳಿತಿದೆ. ‘ಏಣುಗೋಣು’ ಎನ್ನುವವರಿಗೆ ಏಣು ತಿಳಿಯದೇ?

ಅಷ್ಟಕ್ಕೇ ನಿಲ್ಲಿಸಬೇಡಿ. ಜರ್ಮನ್ನಿನ ‘ಹಾರ್ನ್’ ಎಂದರೆ ಕೊಂಬು. ನಮ್ಮ ‘ಕೋಡು’ ಕೊಂಬೂ ಹೌದು, ಶಿಖರವೂ ಹೌದು. ಹೋರ್ನ್ಲಿ ಎಂದರೆ ಚಿಕ್ಕ ಕೊಂಬು. ‘ಕಿರುಗೋಡಿನ ಏಣು’ ಎಂದು ಬರೆಯಿರಿ. ದಪ್ಪ ಹಗ್ಗಕ್ಕೆ ‘ಮಿಣಿ’ ಇದೆ. ಇಷ್ಟು ಪದಗಳಿದ್ದೂ ಸಾಲ ಕೇಳುವುದು ಸೋಮಾರಿತನ.

*

ಕಿರುಗೋಡು ಎಂದು ಬರೆದರೆ ಆ ಜಾಗವನ್ನು ನಕ್ಷೆಯಲ್ಲಿ ಹುಡುಕುವವರ ಗತಿ ಏನು? ಅದು ಹೆಸರು, ಹೆಸರನ್ನು ಅನುವಾದಿಸುವುದಿಲ್ಲ. 3,260 ಮೀಟರ್ ಎತ್ತರದಲ್ಲಿ ಆರೋಹಿಗಳು ತಂಗುವ ಮನೆಯ ಹೆಸರೂ ಹೋರ್ನ್ಲಿಯೇ. ಮಿಣಿಯೂ ಬೇಡ, ಓದುಗರಿಗೆ ಕಪಿಲೆ ಬಾವಿ ನೆನಪಾಗುತ್ತದೆ. ‘ಬಂಡೆಗೆ ಬಿಗಿದ ಹಗ್ಗ’ ಎಂದರೆ ಸಾಕು, ಒಂದೇ ಪದ ಬೇಕೆಂಬ ಹಟವೇಕೆ?

ಇನ್ನು ಬರೀ ‘ಹಗ್ಗ’ ಎಂದು ಬರೆಯುವಾಗ ಎಚ್ಚರ. ಅಂದು ತುದಿಯಿಂದ ಇಳಿಯುವಾಗ ವಿಂಪರ್ ತಂಡದ ಹ್ಯಾಡೋ ಜಾರಿದರು. ಅವರೊಂದಿಗೆ ಕ್ರೋ, ಹಡ್ಸನ್, ಡಗ್ಲಸ್ ಬಿದ್ದು ಸತ್ತರು. ಡಗ್ಲಸ್ ಮತ್ತು ಮಾರ್ಗದರ್ಶಿ ಹಿರಿಯ ಟೌಗ್ವಾಲ್ಡರ್ ನಡುವೆ ಹಗ್ಗ ತುಂಡಾದ್ದರಿಂದ ಟೌಗ್ವಾಲ್ಡರ್ ತಂದೆ–ಮಗ ಮತ್ತು ವಿಂಪರ್ ಉಳಿದರು. ಅದು ಸೊಂಟಕ್ಕೆ ಕಟ್ಟಿಕೊಂಡು ಒಬ್ಬರನ್ನೊಬ್ಬರು ಹಿಡಿದಿದ್ದ ಹಗ್ಗ. ಬಂಡೆಗೆ ಬಿಗಿದ ಹಗ್ಗಗಳು ಬಂದದ್ದು ಆಮೇಲೆ. ಎರಡನ್ನೂ ಒಂದೇ ಪದದಲ್ಲಿ ಮುಗಿಸಿದರೆ ಆ ನಾಲ್ವರ ಸಾವೇ ಅರ್ಥವಾಗುವುದಿಲ್ಲ.

*

ಹೆಸರನ್ನು ಅನುವಾದಿಸುವುದಿಲ್ಲ ಎಂಬ ನಿಯಮ ಯಾರದು? ಅದೇ ಬೆಟ್ಟವನ್ನು ಇಟಲಿಯವರು ಚೆರ್ವೀನೋ ಎನ್ನುತ್ತಾರೆ, ಫ್ರೆಂಚರು ಸೆರ್ವಾಂ ಎನ್ನುತ್ತಾರೆ. 1865ರ ಜುಲೈ 17ರಂದು ಆರೋಹಿ ಕರೇಲ್ ಇಟಲಿ ಕಡೆಯಿಂದ ಹತ್ತಿದ ನೈಋತ್ಯದ ಏಣಿಗೆ ಇಟಲಿಯವರ ಹೆಸರು ‘ಕ್ರೆಸ್ತಾ ದೆಲ್ ಲಿಯೋನೆ’. ಇಂಗ್ಲಿಷಿನವರು ಅದನ್ನು ಸಲೀಸಾಗಿ ‘ಲಯನ್ ರಿಡ್ಜ್’ ಮಾಡಿಕೊಂಡರು. ಅವರಿಗೆ ಸಲ್ಲುವ ಹಕ್ಕು ಕನ್ನಡಕ್ಕೆ ಸಲ್ಲದೇ?

*

ಹಕ್ಕಿನ ಮಾತು ಬಿಡಿ, ನಿಮ್ಮ ವಾಕ್ಯವನ್ನೇ ನೋಡಿ: ‘ಏಣಿಗೆ’ ಎಂದು ಬರೆದಿದ್ದೀರಿ. ಏಣಿಗೋ ಏಣುವಿಗೋ? ಚತುರ್ಥಿಯಲ್ಲಿ ಎರಡೂ ಒಂದೇ ಆಗಿ, ಓದುಗ ಬೆಟ್ಟಕ್ಕೆ ಏಣಿ ಹಾಕಿದರೆಂದೇ ತಿಳಿಯುತ್ತಾನೆ. ಏಣು ಒಳ್ಳೆಯ ಪದ, ಒಪ್ಪಿದೆ. ಆದರೆ ಫಲಕದಲ್ಲಿ ‘ಹೋರ್ನ್ಲಿ ಏಣು ಹಿಡಿದು’ ಎಂದಷ್ಟೇ ಬರಲಿ, ವಿಭಕ್ತಿ ಹಚ್ಚಬೇಡಿ. ಮುದ್ರಣದವರು ಅದನ್ನು ‘ಏಣಿ’ ಎಂದು ತಿದ್ದದಂತೆ ಕರಡಿನ ಅಂಚಿನಲ್ಲಿ ಗುರುತು ಹಾಕಿ ಕಳುಹಿಸಿ.