ಅತ್ತೆಯ ಅಂತ್ಯಕ್ರಿಯೆಗೆ ಈಗಲೇ ಏನೇನು ವಿಚಾರಿಸಿಡಬೇಕು?

ಪ್ರಶ್ನೆ
ನಾನು ಹಿಂದೂ ಮನೆಯಲ್ಲಿ ಬೆಳೆದವಳು, ಗಂಡ ಕ್ಯಾಥೊಲಿಕ್. ಬೆಂಗಳೂರಿನಲ್ಲಿ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಇನ್ನು ಕೆಲವೇ ವಾರ ಅಂತ ಡಾಕ್ಟರು ಹೇಳಿದ್ದಾರೆ. ಈ ಮಾತೆತ್ತಿದರೆ ಗಂಡನಿಗೆ ಗಂಟಲು ಕಟ್ಟುತ್ತದೆ. ಮೈದುನ ಕುವೈತ್‌ನಲ್ಲಿ. ಅತ್ತೆಗೆ ಯಾವ ಕೊರತೆಯೂ ಆಗದ ಹಾಗೆ ಕಳಿಸಿಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನಿಂದ
ಇವತ್ತೇ ನಿಮ್ಮ ಚರ್ಚಿನ ಫಾದರ್‌ಗೆ ಫೋನ್ ಮಾಡಿ. ಅತ್ತೆಗೆ ಎಚ್ಚರ ಇರುವಾಗಲೇ ಅವರು ಮನೆಗೆ ಬಂದು ಪಾಪನಿವೇದನೆ ಕೇಳುತ್ತಾರೆ, ಹಣೆಗೂ ಅಂಗೈಗೂ ಎಣ್ಣೆ ಹಚ್ಚುತ್ತಾರೆ, ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಕೊಡುತ್ತಾರೆ. ಇದು ಗಂಭೀರ ಕಾಯಿಲೆಯವರಿಗೆಲ್ಲ ಇರುವ ಸಂಸ್ಕಾರ. ಆದರೂ ಕೊನೇ ಗಳಿಗೆಗೆ ಇರಲಿ ಅಂತ ತಳ್ಳುವವರೇ ಜಾಸ್ತಿ. ನಾವೂ ತಳ್ಳಿದೆವು. ಫಾದರ್ ಬರುವ ಹೊತ್ತಿಗೆ ಅಪ್ಪನಿಗೆ ನಮ್ಮ ಗುರುತೇ ಹತ್ತುತ್ತಿರಲಿಲ್ಲ, ಪ್ರಸಾದ ನುಂಗಲು ಆಗಲಿಲ್ಲ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಆಮೇಲೆ ಜಾಗ. ಇಲ್ಲಿ ಎಲ್ಲ ಚರ್ಚಿಗೂ ಸ್ವಂತ ಸ್ಮಶಾನ ಇಲ್ಲ. ಹೊಸೂರು ರಸ್ತೆಗೋ ಕಲ್ಪಳ್ಳಿಗೋ ಹೋಗಬೇಕಾಗಬಹುದು. ಮಾವನವರ ಸಮಾಧಿ ಇದ್ದರೆ ಅದರಲ್ಲೇ ಅತ್ತೆಯನ್ನೂ ಇಡಬಹುದಾ, ರಶೀದಿ ಯಾರ ಹೆಸರಿನಲ್ಲಿದೆ, ಕೇಳಿಟ್ಟುಕೊಳ್ಳಿ. ಅಜ್ಜಿಯ ಸಮಾಧಿಯ ರಶೀದಿಗಾಗಿ ನಾವು ಅರ್ಧರಾತ್ರಿಯಲ್ಲಿ ಬೀರು ಖಾಲಿ ಮಾಡಿದ್ದೆವು. ಕೊನೆಗೆ ಸಿಕ್ಕಿದ್ದು ಅಪ್ಪನ ಜಪದ ಪುಸ್ತಕದೊಳಗೆ, ನಾಲ್ಕು ಮಡಿಕೆಯಾಗಿ.

ಮಂಗಳೂರಿನಿಂದ
ನಮ್ಮಲ್ಲಿ ಸಾವಾದ ತಕ್ಷಣ ವಾಡೆಯ ಗುರ್ಕಾರರಿಗೆ, ಅಂದರೆ ಚರ್ಚಿನ ನಮ್ಮ ವಾರ್ಡಿನ ಮುಖಂಡರಿಗೆ, ಹೇಳುತ್ತೇವೆ. ಚರ್ಚಿನ ಗಂಟೆ, ನೆರೆಯವರ ಜಪಸರ (ರೋಸರಿ) ಪ್ರಾರ್ಥನೆ, ಗುಂಡಿ ತೋಡುವವರು, ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ. ನಿಮ್ಮ ಚರ್ಚಿನಲ್ಲೂ ಅಂಥ ಹಿರಿಯರು ಯಾರು ಅಂತ ಈಗಲೇ ತಿಳ್ಕೊಳ್ಳಿ. ಆ ದಿನ ನಿಮ್ಮ ಗಂಡ ಯಾರಿಗೂ ಫೋನ್ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಮೈದುನನಿಗಾಗಿ ಕಾಯುವುದಾದರೆ ಯಾವ ಆಸ್ಪತ್ರೆಯಲ್ಲಿ ಶೈತ್ಯಾಗಾರ ಇದೆ ಅಂತ ವಿಚಾರಿಸಿ. ದಿನ ಗೊತ್ತು ಮಾಡುವ ಮುಂಚೆ ಫಾದರ್‌ನ ಕೇಳಿ. ಪವಿತ್ರ ಗುರುವಾರ, ಶುಭ ಶುಕ್ರವಾರ, ಪವಿತ್ರ ಶನಿವಾರ ಅಂತ್ಯಕ್ರಿಯೆಯ ಬಲಿಪೂಜೆ (ಮಾಸ್) ಇರುವುದಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ, ಈಸ್ಟರ್‌ನಿಂದ ಶುರುವಾಗುವ ಪಾಸ್ಖ ಕಾಲದ ಭಾನುವಾರಗಳಲ್ಲೂ ಇಲ್ಲ. ನಮ್ಮ ದೊಡ್ಡಮ್ಮನನ್ನು ಶುಭ ಶುಕ್ರವಾರವೇ ಮಣ್ಣು ಮಾಡಬೇಕಾಯಿತು. ಬೈಬಲ್ ವಾಚನ, ಪ್ರಾರ್ಥನೆ ಮಾಡಿ ಕಳಿಸಿಕೊಟ್ಟೆವು. ಪೂಜೆ ಮುಂದಿನ ವಾರ ಇಟ್ಟೆವು.

ಮೈಸೂರಿನಿಂದ
ನಾನು ಚರ್ಚಿನ ಗಾಯನ ಬಳಗದಲ್ಲಿ ಹಾಡುವವಳು. ಪೂಜೆಗೆ ಅರ್ಧ ಗಂಟೆ ಇರುವಾಗ ಮನೆಯವರು ಬಂದು "ಯಾವುದಾದರೂ ಹಾಡಿ" ಅನ್ನುತ್ತಾರೆ. ಹಾಗೆ ಮಾಡಬೇಡಿ. ಯಾವ ಹಾಡು, ಯಾವ ಭಾಷೆಯಲ್ಲಿ ಅಂತ ಅತ್ತೆಯನ್ನೇ ಕೇಳಿ. 23ನೇ ಕೀರ್ತನೆಯ ಕುರುಬನೋ, ಯೊವಾನ್ನರ ಶುಭಸಂದೇಶದ 14ನೇ ಅಧ್ಯಾಯವೋ, ಅವರಿಗೆ ಇಷ್ಟದ ವಾಚನವನ್ನು ಮೊಮ್ಮಕ್ಕಳು ಯಾರಾದರೂ ಓದಲಿ. ಅತ್ತೆಯ ಬಗ್ಗೆ ಮನೆಯವರು ಮಾತಾಡುವುದಾದರೆ ಪರಮಪ್ರಸಾದ ಆದಮೇಲೆ, ಫಾದರ್ ಒಪ್ಪಿದರೆ, ಎರಡು ಮೂರು ನಿಮಿಷ. ಉಳಿದ ನೆನಪೆಲ್ಲಾ ಹಿಂದಿನ ರಾತ್ರಿ ಜಪಸರ ಮುಗಿದ ಮೇಲೆ ಮನೆಯಲ್ಲೇ ಆಡಿಕೊಳ್ಳಿ.

ನಿಮ್ಮ ತವರಿನವರು ಬಂದೇ ಬರುತ್ತಾರೆ, ಅಲ್ವಾ? ಪ್ರಸಾದದ ಸಾಲಿಗೆ ಹೋಗಬಾರದು ಅಂತ ಅವರಿಗೆ ಮುಂಚೆಯೇ ಮೆಲ್ಲಗೆ ಹೇಳಿಡಿ. ದೇವಸ್ಥಾನದಲ್ಲಿ ಕೈಯೊಡ್ಡುವ ಅಭ್ಯಾಸ ಇರುವವರು, ಗೊತ್ತಿಲ್ಲದೆ ಎದ್ದು ಬಂದರೆ ಅವರಿಗೂ ಮುಜುಗರ. ಸ್ಮಶಾನದಲ್ಲಿ ಹಿಡಿ ಮಣ್ಣು ಹಾಕುವಾಗ ಅವರೂ ಬರಲಿ. ನನ್ನ ತಾಯಿಗೆ ನಮ್ಮ ಪಕ್ಕದ ಮನೆಯಾಕೆ ಮಣ್ಣಿನ ಜೊತೆ ಒಂದು ಎಳೆ ಮೈಸೂರು ಮಲ್ಲಿಗೆ ಹಾಕಿದ್ದರು.

ಹಾಸನದಿಂದ
ಮನೆಯಲ್ಲೇ ತೀರಿಕೊಂಡರೆ ಡಾಕ್ಟರ ಪತ್ರ ಬೇಕು. ನೋಡುತ್ತಿರುವ ಡಾಕ್ಟರಿಗೆ ಈಗಲೇ ಹೇಳಿಡಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ.

ದಹನಕ್ಕೆ 1963ರಿಂದ ಕ್ಯಾಥೊಲಿಕ್ ಧರ್ಮಸಭೆಯ ಅನುಮತಿ ಇದೆ, ಆದರೂ ಮಣ್ಣು ಮಾಡುವುದೇ ಮೇಲು ಅನ್ನುತ್ತದೆ. ಬೂದಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ನೀರಿಗೆ ಬಿಡಬಾರದು ಅಂತ 2016ರಲ್ಲಿ ರೋಮ್ ಹೇಳಿದೆ. ಸ್ಮಶಾನದಂಥ ಪವಿತ್ರ ಜಾಗದಲ್ಲೇ ಇಡಬೇಕು. ನಮ್ಮ ಮನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯೋಣ ಅಂತ ಒಬ್ಬರು, ಬೇಡ ಅಂತ ಒಬ್ಬರು, ಪೆಟ್ಟಿಗೆಯ ಮುಂದೆಯೇ ಜಗಳ ಆಯಿತು. ಮಣ್ಣೋ ದಹನವೋ, ಅಣ್ಣತಮ್ಮ ಇಬ್ಬರೂ ಈಗಲೇ ಮಾತಾಡಿಕೊಳ್ಳಲಿ.

ಕೇಳಿದವರು ಮತ್ತೆ
ಫಾದರ್ ನಿನ್ನೆ ಬಂದಿದ್ದರು. ಅತ್ತೆ ಪ್ರಸಾದ ತಗೊಂಡರು, ಸಂಜೆಯವರೆಗೂ ಮುಖ ಗೆಲುವಾಗಿತ್ತು. ಧೈರ್ಯ ಮಾಡಿ ಹಾಡಿನ ವಿಷಯ ಕೇಳಿದೆ. ಅದಕ್ಕೆ ಉತ್ತರ ಕೊಡದೆ ಕಪಾಟಿನ ಕೆಳಗಿನ ಖಾನೆ ತೋರಿಸಿದರು. ಹಳೇ ಪಂಚೆಯಲ್ಲಿ ಸುತ್ತಿಟ್ಟ ಜಪಸರ, ಮಾವನವರ ಫೋಟೊ, ನಮ್ಮ ಮದುವೆಗೆ ಅವರು ಉಟ್ಟಿದ್ದ ಹಸಿರು ರೇಷ್ಮೆ ಸೀರೆ. "ಇದನ್ನೇ ಉಡಿಸು, ಬೇರೆಯವರ ಕೈಗೆ ಕೊಡಬೇಡ" ಅಂದರು. ರವಿಕೆ ಈಗ ಅವರಿಗೆ ತುಂಬಾ ಸಡಿಲ. ಇವತ್ತು ರಾತ್ರಿ ಕೂತು ಹಿಡಿ ಹಾಕುತ್ತೇನೆ.