ಮಂಡಳಿಯಲ್ಲಿ ಹೆಂಗಸರು ಎಷ್ಟು ಜನ?

ಸುಮಾ: ಮೊರಾಕ್ಕೊದ ಮುರ್ಷಿದಾಗಳ, ಅಂದರೆ ಧರ್ಮದ ದಾರಿ ಹೇಳುವ ಹೆಂಗಸರ, ಬಗ್ಗೆ ಒಂದು ಲೇಖನ ಹಾಕಿದ್ದೇನೆ, ಬಿಡುವಾದಾಗ ಎಲ್ಲರೂ ಓದಿ. ಮಸೀದಿಯಲ್ಲಿ ಹೆಂಗಸರಿಗೆ ದೀನ್ (ಧರ್ಮ) ಕಲಿಸುತ್ತಾರೆ, ಜೈಲಿಗೂ ಆಸ್ಪತ್ರೆಗೂ ಹೋಗುತ್ತಾರೆ. ಸರ್ಕಾರವೇ ತರಬೇತಿ ಕೊಟ್ಟು ನೇಮಿಸುತ್ತದೆ. 2006ರಲ್ಲಿ ಮೊದಲ ತಂಡದಲ್ಲಿ 50 ಜನ ತಯಾರಾದರು. ಓದಿ ತುಂಬಾ ಖುಷಿಯಾಯಿತು.

ರವಿ: ಓದಿದೆ. ನನಗೆ ಅಷ್ಟೇನೂ ಖುಷಿ ಆಗಲಿಲ್ಲ ಸುಮಾ. ಅವರು ನಮಾಜ್‌ಗೆ ಮುಂದೆ ನಿಲ್ಲುವ ಹಾಗಿಲ್ಲ. ಶುಕ್ರವಾರ ಖುತ್ಬಾ (ಪ್ರವಚನ) ಕೊಡುವ ಹಾಗಿಲ್ಲ. ಫತ್ವಾ ಅಂತೂ ಇಲ್ಲವೇ ಇಲ್ಲ. ಮತ್ತೆ ಸಿಕ್ಕಿದ್ದಾದರೂ ಏನು? 2003ರ ಮೇ 16ರಂದು ಕಾಸಾಬ್ಲಾಂಕಾದಲ್ಲಿ ಬಾಂಬ್ ಸಿಡಿದು, ದಾಳಿ ಮಾಡಿದವರೂ ಸೇರಿ 45 ಜನ ಸತ್ತರು. ಮಸೀದಿಯಲ್ಲಿ ಯಾರು ಏನು ಹೇಳುತ್ತಾರೆ ಎನ್ನುವುದು ತನ್ನ ಹಿಡಿತದಲ್ಲಿರಬೇಕು ಎಂದು ಆಮೇಲೆ ದೊರೆ ತೀರ್ಮಾನಿಸಿದರು. ಈ ಹೆಣ್ಣುಮಕ್ಕಳನ್ನು ತಂದದ್ದು ಆ ಕೆಲಸಕ್ಕೆ.

ಇಕ್ಬಾಲ್: ನನ್ನ ತಕರಾರು ಬೇರೆ. ಇಸ್ಲಾಂ ಹೆಣ್ಣಿಗೆ ಓದುವ, ಕಲಿಸುವ ಜಾಗ ಕೊಟ್ಟದ್ದು ಈಗ ಅಲ್ಲ. ಪ್ರವಾದಿಯವರ ಪತ್ನಿ ಹಜ್ರತ್ ಆಯಿಷಾ ಅವರಿಂದ ಬಂದ ಹದೀಸ್‌ಗಳೇ, ಅಂದರೆ ಪ್ರವಾದಿಯವರ ನಡೆ ನುಡಿಯ ವರದಿಗಳೇ, ಎರಡು ಸಾವಿರಕ್ಕೂ ಹೆಚ್ಚು. 11ನೇ ಶತಮಾನದಲ್ಲಿ ಮಧ್ಯ ಏಷ್ಯಾದ ಮರ್ವ್ ಕಡೆಯ ಕರೀಮಾ ಮಕ್ಕಾದಲ್ಲಿ ಕೂತು ಬುಖಾರಿ ಎಂಬ ಹದೀಸ್ ಗ್ರಂಥದ ಪಾಠ ಹೇಳಿದರು. ದೊಡ್ಡ ದೊಡ್ಡ ಗಂಡಸರು ಅವರ ಮುಂದೆ ಕೂತು ಕಲಿತರು. ಅದೇ ಮೊರಾಕ್ಕೊದ ಫೆಜ್‌ನಲ್ಲಿ 859ರಲ್ಲಿ ಕರವಿಯ್ಯೀನ್ ಮಸೀದಿ ಕಟ್ಟಿಸಿದ್ದು ಫಾತಿಮಾ ಅಲ್-ಫಿಹ್ರಿ ಎಂದು ಅಲ್ಲಿನವರು ಹೇಳಿಕೊಂಡು ಬಂದಿದ್ದಾರೆ. ಇದನ್ನು ಹೊಸ ದಾನ ಎನ್ನುವ ಹಾಗೆ ಬರೆಯುವುದು ಸರಿ ಕಾಣಲ್ಲ.

ಶಬಾನಾ: ಇಕ್ಬಾಲ್, ನೀನು ಹೇಳಿದ ಹೆಸರುಗಳೆಲ್ಲ ನನಗೂ ಹೆಮ್ಮೆಯೇ. ಆದರೆ ಆ ಹೆಸರುಗಳನ್ನು ಭಾಷಣಕ್ಕೆ ಮಾತ್ರ ಇಟ್ಟುಕೊಂಡು, ತೀರ್ಪು ಕೊಡುವ ಕಡೆ ಹೆಣ್ಣಿಗೆ ಜಾಗ ಇಲ್ಲದ ಹಾಗೆ ಮಾಡಿದರಲ್ಲ, ನೋವು ಅಲ್ಲಿದೆ. ಕರೀಮಾ ಅವರಿಂದ ಬುಖಾರಿ ಕಲಿತ ಪರಂಪರೆ ನಮ್ಮದು. 2003ರ ರಂಜಾನ್‌ನಲ್ಲಿ ರಜಾ ನಾಜಿ ಮೆಕ್ಕಾವಿ ಎನ್ನುವ ಕಾನೂನು ಪ್ರಾಧ್ಯಾಪಕಿ ದೊರೆಯ ಎದುರು ಧರ್ಮೋಪನ್ಯಾಸ ಕೊಟ್ಟರು. ಹಾಗೆ ಉಪನ್ಯಾಸ ಕೊಟ್ಟ ಮೊದಲ ಹೆಂಗಸು ಅವರು. ಮಧ್ಯದಲ್ಲಿ ಎಷ್ಟು ಶತಮಾನ ಕಳೆಯಿತು ನೋಡು.

ಶಬಾನಾ: ರವಿ, ಬಾಂಬ್ ದಾಳಿಗೂ ಇದಕ್ಕೂ ನಂಟಿದೆ, ಒಪ್ಪಿದೆ. ಆದರೆ ಕಥೆ ಅಲ್ಲಿಂದ ಶುರುವಾಗಲ್ಲ. 1992ರಲ್ಲಿ ಲತೀಫಾ ಜ್ಬಾಬ್ದಿ ಮತ್ತು ಅವರ ಸಂಘಟನೆ ಕುಟುಂಬ ಕಾನೂನು ಬದಲಾಗಬೇಕು ಎಂದು ಹತ್ತು ಲಕ್ಷ ಸಹಿ ಸಂಗ್ರಹಿಸಲು ಹೊರಟರು. ಇವರು ದೀನ್ ಬಿಟ್ಟವರು ಎಂದು ಕೆಲವು ಮೌಲ್ವಿಗಳು ಫತ್ವಾ ಹೊರಡಿಸಿದರು. ಆಗ ಇನ್ನೂ ಯಾವ ಬಾಂಬೂ ಸಿಡಿದಿರಲಿಲ್ಲ. 1993ರಲ್ಲಿ ಸಿಕ್ಕಿದ್ದು ಸ್ವಲ್ಪವೇ. ಹಾಗಂತ ಅವರು ಬಿಟ್ಟು ಕೂರಲಿಲ್ಲ.

ಶಿವಣ್ಣ ಮೇಷ್ಟ್ರು: ಶಬಾನಾ, ಒಂದು ಮಾತು ಸೇರಿಸುತ್ತೇನಮ್ಮಾ. 2000ದ ಮಾರ್ಚ್ 12ರಂದು ಅಲ್ಲಿ ಒಂದೇ ದಿನ ಎರಡು ಮೆರವಣಿಗೆ ನಡೆದವು. ರಬಾತ್‌ನಲ್ಲಿ ಸುಧಾರಣೆ ಬೇಕು ಎನ್ನುವವರು, ಕಾಸಾಬ್ಲಾಂಕಾದಲ್ಲಿ ಬೇಡ ಎನ್ನುವವರು. ಕಾಸಾಬ್ಲಾಂಕಾದ್ದೇ ದೊಡ್ಡದಾಗಿತ್ತು. ಅದರಲ್ಲಿ ಹೆಂಗಸರೂ ಸಾಲು ಸಾಲಾಗಿ ನಡೆದರು. ಬೇಡ ಎಂದ ಆ ಹೆಂಗಸರನ್ನು ನೀವು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಶಬಾನಾ: ತೆಗೆದುಕೊಳ್ಳುತ್ತೇನೆ ಸರ್. ಅವರನ್ನು ಯಾರೋ ಎಳೆದು ತಂದರು ಎಂದು ಹೇಳಲ್ಲ. ಧರ್ಮ ಕೈ ತಪ್ಪಿಹೋಗುತ್ತದೆ ಎನ್ನುವ ಹೆದರಿಕೆ ಅವರಿಗೆ ನಿಜವಾಗಿಯೂ ಇತ್ತು. ಅದಕ್ಕೇ ಹೇಳುವುದು, ಧರ್ಮದ ಒಳಗಿನಿಂದ ಮಾತಾಡುವ ಹೆಂಗಸರು ಬೇಕು ಅಂತ. ಹೊರಗಿನವರ ಯೋಜನೆ ಎಂದರೆ ಅವರು ಬೀದಿಗಿಳಿಯುತ್ತಾರೆ. ಖುರಾನ್ ಓದಿದ ಹೆಂಗಸು ಪಕ್ಕದಲ್ಲಿ ಕೂತು ಹೇಳಿದರೆ ಕೇಳುತ್ತಾರೆ. ಮುರ್ಷಿದಾ ಆಗಬೇಕಾದರೆ ಪದವಿ ಆಗಿರಬೇಕು, ಖುರಾನ್‌ನ ಅರ್ಧವಾದರೂ ಬಾಯಿಗೆ ಬರಬೇಕು. ತರಬೇತಿಯಲ್ಲಿ ಕಾನೂನು, ಮನಃಶಾಸ್ತ್ರವೂ ಇರುತ್ತದೆ. ಓದು ಬರದ ಹೆಂಗಸಿಗೆ ‘ತಲಾಕ್ ಕೋರ್ಟಿನ ಮೂಲಕವೇ ಆಗಬೇಕು, ಸುಮ್ನೆ ಮನೆಯಿಂದ ಹೊರಗೆ ಹಾಕುವ ಹಾಗಿಲ್ಲ’ ಎಂದು ಮಸೀದಿಯೊಳಗೇ ಒಬ್ಬಳು ಹೇಳುವುದು ಸಣ್ಣ ವಿಷಯವೇ?

ಸುಮಾ: ಅದನ್ನೇ ನಾನು ಹೇಳಬೇಕೆಂದಿದ್ದೆ. ಕಾನೂನು ಇದ್ದರೆ ಸಾಲದು, ಗೊತ್ತಾಗಬೇಕಲ್ವಾ.

ರವಿ: ಗೊತ್ತಾದರೂ ಏನಾಯಿತು? 2004ರ ಮುದವ್ವನಾ, ಅಂದರೆ ಅಲ್ಲಿನ ಕುಟುಂಬ ಕಾನೂನು, ಮದುವೆ ವಯಸ್ಸನ್ನು ಇಬ್ಬರಿಗೂ 18 ಮಾಡಿತು. ಜೊತೆಗೆ ನ್ಯಾಯಾಧೀಶರು ಒಪ್ಪಿದರೆ ಕಡಿಮೆ ವಯಸ್ಸಿಗೂ ಆಗಬಹುದು ಎಂದು 20ನೇ ಕಲಮಿನಲ್ಲಿ ಬಾಗಿಲು ತೆರೆದಿಟ್ಟಿತು. ಬಂದ ಅರ್ಜಿಗಳಲ್ಲಿ ಹೆಚ್ಚಿನವು ಮಂಜೂರಾದವು. 2012ರಲ್ಲಿ ಲರಾಶ್ ಕಡೆಯ 16 ವರ್ಷದ ಹುಡುಗಿ ನೆನಪಿದೆಯಾ? ಅತ್ಯಾಚಾರ ಮಾಡಿದವನಿಗೇ ಕಟ್ಟಿದರು. ಅವಳು ವಿಷ ಕುಡಿದು ಸತ್ತಳು.

ಶಬಾನಾ: ಅವಳನ್ನು ಮರೆಯಲು ಆಗುತ್ತಾ ರವಿ. ಅವಳು ಸತ್ತ ಮೇಲೆ ಇಡೀ ದೇಶದ ಹೆಂಗಸರು ಬೀದಿಗೆ ಬಂದರು. ಕೆಡಿಸಿದವನು ಮದುವೆಯಾದರೆ ಶಿಕ್ಷೆ ತಪ್ಪುತ್ತದೆ ಎಂಬ ದಾರಿ ದಂಡಸಂಹಿತೆಯ 475ನೇ ಕಲಮಿನಲ್ಲಿತ್ತು. 2014ರ ಜನವರಿಯಲ್ಲಿ ಅದನ್ನು ತೆಗೆದುಹಾಕಿದರು. ಒಂದು ಜೀವ ಹೋಗಬೇಕಾಯಿತು ಎನ್ನುವ ಸಿಟ್ಟು ನನಗೂ ಇದೆ. ಆದರೆ ನಿನ್ನ ಮಾತು ನನ್ನ ಮಾತಿಗೇ ಬಲ ಕೊಡುತ್ತದೆ. ಮಂಜೂರು ಮಾಡುವ ಜಾಗದಲ್ಲಿ ಯಾರು ಕೂತಿದ್ದಾರೆ ಎನ್ನುವುದೇ ಪ್ರಶ್ನೆ.

ಶಬಾನಾ: 2004ರ ಕಾನೂನು ಹೇಗೆ ಬಂತು ಎಂದು ನೋಡು. 2001ರಲ್ಲಿ ದೊರೆ 6ನೇ ಮೊಹಮ್ಮದ್ ಒಂದು ಸಮಿತಿ ಮಾಡಿದರು. ಅದರಲ್ಲಿ ಹೆಂಗಸರು ಮೂವರೇ. ನ್ಯಾಯಾಧೀಶೆ ಜಹೂರ್ ಎಲ್ ಹೊರ್, ಸಮಾಜಶಾಸ್ತ್ರಜ್ಞೆ ರಹ್ಮಾ ಬೂರ್ಕಿಯಾ, ವೈದ್ಯಕೀಯ ಕ್ಷೇತ್ರದ ನುಝಾ ಗೆಸ್ಸೂಸ್. ಮೂರೇ ಜನ, ಆದರೂ ಕಾನೂನಿನ ಮುಖ ಬದಲಾಯಿತು. ಹೆಂಡತಿ ಗಂಡನ ಮಾತು ಕೇಳಿಕೊಂಡಿರಬೇಕು ಎಂಬ ಸಾಲು ಹೋಯಿತು. ಮನೆಯ ಜವಾಬ್ದಾರಿ ಇಬ್ಬರದೂ ಆಯಿತು. ವಯಸ್ಸಿಗೆ ಬಂದ ಹೆಣ್ಣು ವಲಿ (ಪೋಷಕ) ಇಲ್ಲದೆಯೂ ನಿಕಾಹ್ ಮಾಡಿಕೊಳ್ಳಬಹುದು. ಎರಡನೇ ಮದುವೆಗೆ ನ್ಯಾಯಾಧೀಶರ ಅಪ್ಪಣೆ ಬೇಕು. ಇದನ್ನೆಲ್ಲ ದೊರೆ ಸಂಸತ್ತಿನಲ್ಲಿ ಖುರಾನ್, ಹದೀಸ್ ಉಲ್ಲೇಖಿಸಿಯೇ ಹೇಳಿದರು.

ಇಕ್ಬಾಲ್: ಅಲ್ಲಿಯವರೆಗೆ ನನ್ನದೂ ಒಪ್ಪಿಗೆ. ವಲಿ ವಿಷಯದಲ್ಲಿ ಹನಫಿ ಪಂಥದ ಪಂಡಿತರು ಮೊದಲೇ ಹಾಗೆ ಹೇಳಿದ್ದಾರೆ. ಆದರೆ ಈಗ ಆಸ್ತಿ ಪಾಲಿಗೆ ಕೈ ಹಾಕಿದ್ದಾರಲ್ಲ, ಅದು ಆಗದ ಮಾತು. ಅದು ಅಲ್ಲಾಹನ ಮಾತು. ಯಾವ ಮಂಡಳಿಯೂ ಬದಲಾಯಿಸುವ ಹಾಗಿಲ್ಲ, ಗಂಡಸಿರಲಿ, ಹೆಂಗಸಿರಲಿ.

ಶಬಾನಾ: ಎರಡು ವಿಷಯ ಬೆರೆಸಬೇಡ. ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಎನ್ನುವುದು ಖುರಾನ್‌ನಲ್ಲಿದೆ, ಸರಿ. ತಅಸೀಬ್ ಬೇರೆ, ಅಂದರೆ ಮಿಕ್ಕ ಪಾಲು ಹತ್ತಿರದ ಗಂಡು ನೆಂಟನಿಗೆ ಹೋಗುವ ನಿಯಮ. ಒಬ್ಬನಿಗೆ ಗಂಡು ಮಕ್ಕಳಿಲ್ಲ, ಒಬ್ಬಳೇ ಮಗಳು. ಅವನು ಸತ್ತರೆ ಮಗಳಿಗೆ ಅರ್ಧ. ಹೆಂಡತಿ, ತಾಯಿ ಇದ್ದರೆ ಅವರ ಪಾಲು. ಮಿಕ್ಕಿದ್ದು ಚಿಕ್ಕಪ್ಪನಿಗೋ ಚಿಕ್ಕಪ್ಪನ ಮಗನಿಗೋ ಹೋಗುತ್ತದೆ. ವರ್ಷಗಟ್ಟಲೆ ಮನೆಯ ಕಡೆ ತಲೆ ಹಾಕದವನು ಬಂದು ಪಾಲು ಕೇಳುತ್ತಾನೆ. ಇದು ಖುರಾನ್ ಆಯತ್ (ವಚನ) ಅಲ್ಲ, ಫಿಖ್ಹ್ (ಧರ್ಮಶಾಸ್ತ್ರ) ಪಂಡಿತರು ಹದೀಸ್‌ನಿಂದ ತೆಗೆದ ನಿಯಮ. ಶಿಯಾ ಫಿಖ್ಹ್‌ನಲ್ಲಿ ಇದಿಲ್ಲ, ಅಲ್ಲಿ ಮಿಕ್ಕಿದ್ದೂ ಮಗಳಿಗೇ. ಹಾಗಾದರೆ ಅವರು ಖುರಾನ್ ಓದಿಲ್ಲವಾ?

ಇಕ್ಬಾಲ್: ಹದೀಸ್ ಎಂದರೆ ಸಾಮಾನ್ಯವಾ? ಬುಖಾರಿಯಲ್ಲಿದೆ ಅದು. ನಿಗದಿಯಾದವರಿಗೆ ಪಾಲು ಕೊಡಿ, ಮಿಕ್ಕಿದ್ದು ಹತ್ತಿರದ ಗಂಡಸಿಗೆ. ಅಷ್ಟು ಸ್ಪಷ್ಟ. ಆ ಗಂಡಸಿನ ತಲೆ ಮೇಲೆ ಮನೆಯ ಹೆಂಗಸರನ್ನು ಸಾಕುವ ಹೊಣೆಯೂ ಇದೆ. ಹೊಣೆ ಬಿಟ್ಟು ಪಾಲು ಮಾತ್ರ ನೋಡಿದರೆ ಅನ್ಯಾಯ ಅನ್ನಿಸುತ್ತದೆ.

ಶಬಾನಾ: ಹೊಣೆ ಹೊರದೆ ಪಾಲು ತೆಗೆದುಕೊಂಡು ಹೋಗುವವನನ್ನು ಏನು ಮಾಡೋಣ ಹೇಳು. ಆ ನಿಯಮ ಬಂದ ಕಾಲದಲ್ಲಿ ಚಿಕ್ಕಪ್ಪ ಸಾಕುತ್ತಿದ್ದ. ಈಗ ಮಗಳೇ ದುಡಿದು ಅಪ್ಪನನ್ನೂ ಸಾಕುತ್ತಾಳೆ. ಈ ಮಾತನ್ನು ಒಳಗಿದ್ದೇ ಹೇಳಿದವರು ಅಸ್ಮಾ ಲಮ್ರಾಬೆತ್. ರಬಾತ್‌ನ ವೈದ್ಯೆ, ಉಲೆಮಾಗಳ, ಅಂದರೆ ಧರ್ಮಪಂಡಿತರ, ರಾಬಿತಾ ಮೊಹಮ್ಮದಿಯಾ ಎಂಬ ಸಂಘದಲ್ಲಿ ಮಹಿಳಾ ಅಧ್ಯಯನ ಕೇಂದ್ರ ನಡೆಸುತ್ತಿದ್ದರು. ಪಾಲಿನಲ್ಲಿ ಸಮಾನತೆ ಬೇಕು ಎಂದದ್ದಕ್ಕೆ ಎಷ್ಟು ಒತ್ತಡ ಬಂತು ಎಂದರೆ 2018ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು.

ರವಿ: ನೋಡು, ಇದನ್ನೇ ನಾನು ಹೇಳಿದ್ದು. ಹೇಳಿಕೊಟ್ಟಷ್ಟು ಮಾತಾಡಿದರೆ ಕುರ್ಚಿ, ಜಾಸ್ತಿ ಮಾತಾಡಿದರೆ ಹೊರಗೆ.

ಶಬಾನಾ: ಹೌದು, ಅಲ್ಲಿ ಏನೂ ಅಡ್ಡಿಯಿಲ್ಲ ಎಂದು ನಾನು ಹೇಳಲ್ಲ. 2004ರಲ್ಲಿ ಉಲೆಮಾ ಕೌನ್ಸಿಲ್‌ಗಳಿಗೆ ಮೊದಲ ಬಾರಿ ಹೆಂಗಸರನ್ನು ಸೇರಿಸಿದಾಗ ಸುಪ್ರೀಂ ಕೌನ್ಸಿಲ್‌ಗೆ ಹೋದದ್ದು ಒಬ್ಬರೇ, ಫಾತಿಮಾ ಕಬ್ಬಾಜ್. ಒಬ್ಬರು ಎಷ್ಟು ಅಂತ ವಾದ ಮಾಡುತ್ತಾರೆ? 2024ರ ಡಿಸೆಂಬರ್‌ನಲ್ಲಿ ಕುಟುಂಬ ಕಾನೂನಿನ ಹೊಸ ತಿದ್ದುಪಡಿಗಳ ಪಟ್ಟಿ ಹೊರಬಂತು. ಮಕ್ಕಳ ಕಾನೂನು ಪಾಲಕತ್ವ ಅಪ್ಪ ಅಮ್ಮ ಇಬ್ಬರಿಗೂ. ಗಂಡ ಹೆಂಡತಿಯಲ್ಲಿ ಉಳಿದವರಿಗೆ ಇರುವ ಮನೆ ಕೈ ತಪ್ಪದ ಹಾಗೆ ರಕ್ಷಣೆ. ಇವೆಲ್ಲ ಕೌನ್ಸಿಲ್ ಒಪ್ಪಿದ್ದು. ತಅಸೀಬ್ ತೆಗೆಯುವುದಕ್ಕೆ ಮಾತ್ರ ಒಪ್ಪಲಿಲ್ಲ. ಮಗುವಿನ ತಂದೆ ಯಾರು ಎಂದು ಡಿಎನ್‌ಎಯಿಂದ ಸಾಬೀತು ಮಾಡುವುದಕ್ಕೂ ಒಪ್ಪಲಿಲ್ಲ.

ಸುಮಾ: ಅಂದರೆ ಹೆಂಗಸರ ಜೀವನದ ಪ್ರಶ್ನೆಗೆ ಕೊನೆಯ ಮಾತು ಬಹುತೇಕ ಗಂಡಸರೇ ತುಂಬಿದ ಮಂಡಳಿಯದು.

ಶಬಾನಾ: ಅದೇ. ಇಂಡೊನೇಷ್ಯಾದಲ್ಲಿ ಹೆಂಗಸರು ಯಾರ ನೇಮಕಕ್ಕೂ ಕಾಯಲಿಲ್ಲ. 2017ರ ಏಪ್ರಿಲ್‌ನಲ್ಲಿ ಚಿರೆಬೊನ್‌ನ ಒಂದು ಪೆಸಂತ್ರೆನ್‌ನಲ್ಲಿ (ಇಸ್ಲಾಮಿಕ್ ವಸತಿ ಶಾಲೆ) ಹೆಣ್ಣು ಉಲೆಮಾಗಳ ಸಮಾವೇಶ ಸೇರಿತು. ಬಾಲ್ಯವಿವಾಹ ತಡೆಯುವುದು ವಾಜಿಬ್ (ಕಡ್ಡಾಯ) ಎಂದು ಫತ್ವಾ ಕೊಟ್ಟರು. 2019ರಲ್ಲಿ ಆ ದೇಶ ಹುಡುಗಿಯರ ಮದುವೆ ವಯಸ್ಸನ್ನು 16ರಿಂದ 19ಕ್ಕೆ ಏರಿಸಿತು. ಕೋರ್ಟು, ಸಂಘಟನೆಗಳ ಪಾಲೂ ಇದೆ. ಆದರೆ ‘ಧರ್ಮಕ್ಕೆ ವಿರುದ್ಧ’ ಎನ್ನುವವರಿಗೆ ಧರ್ಮದಿಂದಲೇ ಉತ್ತರ ಕೊಟ್ಟವರು ಇವರು.

ಶಿವಣ್ಣ ಮೇಷ್ಟ್ರು: ಇದು ನನಗೆ ಗೊತ್ತಿರಲಿಲ್ಲಮ್ಮ. ಅದರ ಬಗ್ಗೆ ಏನಾದರೂ ಇದ್ದರೆ ಹಾಕು.

ಇಕ್ಬಾಲ್: ಶಬಾನಾ, ಮೊರಾಕ್ಕೊದ ಕೌನ್ಸಿಲ್ ದಾರಿ ಮುಚ್ಚಿಲ್ಲ. ತಂದೆ ಬದುಕಿರುವಾಗಲೇ ಹೆಣ್ಣುಮಕ್ಕಳಿಗೆ ಹಿಬಾ (ದಾನ) ಮಾಡಬಹುದು, ಕಾಗದದ ಮೇಲೆ ಹಸ್ತಾಂತರ ಆದರೆ ಸಾಕು ಎಂದಿದೆ. ಶರಿಯತ್ ಮುಟ್ಟದೆ ಮಗಳಿಗೆ ರಕ್ಷಣೆ ಸಿಗುತ್ತದಲ್ಲ.

ಶಬಾನಾ: ಹಿಬಾ ಒಳ್ಳೆಯದೇ. ಆದರೆ ಅದು ಅಪ್ಪನ ಮನಸ್ಸಿನ ಮೇಲೆ ನಿಂತದ್ದು. ಅವನು ಮಾಡದೇ ಹೋದರೆ, ಹಠಾತ್ತಾಗಿ ತೀರಿಹೋದರೆ, ಮಗಳು ಮತ್ತೆ ಚಿಕ್ಕಪ್ಪನ ಮುಂದೆ ನಿಲ್ಲಬೇಕು. ಹಕ್ಕು ಎಂದರೆ ಯಾರ ದಯೆಯೂ ಬೇಡ ಎಂದಾಗಬೇಕು.

ಇಕ್ಬಾಲ್: ನಾನು ಇನ್ನೂ ಒಪ್ಪಲ್ಲ. ಆದರೆ ಒಂದು ನೇರ ಪ್ರಶ್ನೆ. ನಾಳೆ ಆ ಕೌನ್ಸಿಲ್‌ನಲ್ಲಿ ಅರ್ಧ ಜನ ಆಲಿಮಾಗಳೇ (ಹೆಣ್ಣು ಪಂಡಿತರೇ) ಕೂತು, ಕಿತಾಬುಗಳನ್ನೆಲ್ಲ ನೋಡಿ, ‘ತಅಸೀಬ್ ಇರಲಿ’ ಎಂದು ಹೇಳಿದರೆ ನೀನು ಒಪ್ಪುತ್ತೀಯಾ?

ಶಬಾನಾ: ಒಪ್ಪಲ್ಲ, ಅವರ ಜೊತೆಗೂ ವಾದ ಮಾಡುತ್ತೇನೆ. ಆದರೆ ಅದು ಈ ನಿಯಮದಿಂದ ಕಳೆದುಕೊಳ್ಳುವವರೇ ಕೂತು ಮಾಡಿದ ತೀರ್ಮಾನ ಆಗಿರುತ್ತದೆ. ಈಗ ಆಗಿರುವುದು ಪಡೆದುಕೊಳ್ಳುವವರ ತೀರ್ಮಾನ. ಮೊದಲು ಅವರು ಅಲ್ಲಿ ಕೂರಲಿ ಇಕ್ಬಾಲ್. ಅಷ್ಟಕ್ಕಾದರೂ ನಿನ್ನ ಒಪ್ಪಿಗೆ ಇದೆಯಾ?

ಇಕ್ಬಾಲ್: ಅದಕ್ಕೆ ಇದೆ. ಓದಿದವರು, ತಖ್ವಾ (ದೇವರ ಭಯಭಕ್ತಿ) ಇರುವವರು ಕೂರಲಿ, ನನ್ನದೇನೂ ಅಡ್ಡಿಯಿಲ್ಲ. ಪಾಲಿನ ವಿಷಯ ಮಾತ್ರ ನಮ್ಮಿಬ್ಬರಿಗೂ ಬಾಕಿ ಇರಲಿ.